ಟೀವಿಯಲ್ಲಿ ಕಂಡ ಎಡಗೈ

ಭಾಮೈದನನ್ನು ಹಿಡಿಯಣ್ಣ ಮೊದಲ ಸಲ ನೋಡಿದ್ದು ಹಾಕಿ ಮೈದಾನದ ಮೆಟ್ಟಿಲುಗಳ ಕೆಳಗಿದ್ದ ಸಾಮಾನು ಕೋಣೆಯಲ್ಲಿ. ಆಗ ಅವನಿನ್ನೂ ಭಾಮೈದನಾಗಿರಲಿಲ್ಲ. ಹಿಡಿಯಣ್ಣನಿಗೆ ಮದುವೆಯೇ ಆಗಿರಲಿಲ್ಲ. ಪಂದ್ಯದ ನಡುವಿನ ವಿರಾಮ. ಮೇಲೆ ಜನ ಎದ್ದು ಓಡಾಡುವ ಸದ್ದು ಕೋಣೆಯ ಸೂರಿನಲ್ಲಿ ದಡದಡ ಅನ್ನುತ್ತಿತ್ತು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದದ ಯುವಕನೊಬ್ಬ ಬಂದು ನಿಂತ. ಮೊಣಕಾಲಿಗೆ ಮಣ್ಣು ಮೆತ್ತಿತ್ತು. ಒಂದು ಕಾಲುಚೀಲ ಮೇಲಿತ್ತು, ಇನ್ನೊಂದು ಜಾರಿ ಬೂಟಿನ ಮೇಲೆ ಕೂತಿತ್ತು. ಕೈಯಲ್ಲಿದ್ದ ಸ್ಟಿಕ್ಕಿನ ಹಿಡಿಯಿಂದ ಪಟ್ಟಿ ಬಿಚ್ಚಿಕೊಂಡು ಹಾವಿನ ಪೊರೆಯ ಹಾಗೆ ಜೋತಾಡುತ್ತಿತ್ತು. ತೊಟ್ಟಿದ್ದ ಅಂಗಿ ಎದುರು ತಂಡದ್ದು, ಯಾವುದೋ ಕಾರ್ಖಾನೆಯವರದ್ದು.

“ಹಿಡಿ ಸುತ್ತೋರು ನೀವೇನಾ?” ಅಂದ.

“ಇಲ್ಲಿ ಬೇರೆ ಯಾರಾದ್ರೂ ಕಾಣ್ತಿದಾರಾ?”

“ನಮ್ಮ ಕಡೆ ಇದಕ್ಕೆ ಅಂತ ಯಾರೂ ಇಲ್ಲ. ನಾವೇ ಸುತ್ಕೋತೀವಿ.”

“ಅದು ನೋಡಿದ್ರೇನೇ ಗೊತ್ತಾಗುತ್ತೆ. ಕೊಡು ಇಲ್ಲಿ.”

ಯುವಕ ಸ್ಟಿಕ್ಕನ್ನು ಅರ್ಧ ಚಾಚಿ ಮತ್ತೆ ಎಳೆದುಕೊಂಡ. “ನೀವು ಎದುರು ಪಾರ್ಟಿಯೋರು. ಬೇಕೂಂತ ಸಡಿಲ ಸುತ್ತಿಬಿಟ್ರೆ?”

“ಹಾಗಾದ್ರೆ ಬರೀ ಕಟ್ಟಿಗೆ ಹಿಡ್ಕೊಂಡು ಆಡು ಹೋಗಪ್ಪ. ಕೈ ಬೊಬ್ಬೆ ಬಂದ ಮೇಲೆ ಬಾ, ಮುಲಾಮು ಹಚ್ತೀನಿ.”

ಯುವಕ ನಕ್ಕುಬಿಟ್ಟ. ನಕ್ಕು ಸ್ಟಿಕ್ಕು ಕೊಟ್ಟ. ಕೊಟ್ಟವನು ಹೋಗಲಿಲ್ಲ, ಅಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದ.

ಸ್ಟಿಕ್ಕುಗಳಿಗೆ ಹಿಡಿಪಟ್ಟಿ ಸುತ್ತುವುದೇ ಆ ಕೋಣೆಯವನ ಮುಖ್ಯ ಕೆಲಸವಾದ್ದರಿಂದ ಟಿಕೆಟು ಹರಿಯುವವನಿಂದ ಹಿಡಿದು ತಂಡದ ನಾಯಕನವರೆಗೆ ಎಲ್ಲರಿಗೂ ಅವನು ಹಿಡಿಯಣ್ಣ. ಬೇರೆಯವರು ಪಟ್ಟಿಯನ್ನು ಕೋಲಿನ ಸುತ್ತ ತಿರುಗಿಸುತ್ತಾರೆ. ಹಿಡಿಯಣ್ಣ ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಎಡಗೈಯಲ್ಲಿ ಅದನ್ನೇ ಮೆಲ್ಲಗೆ ಉರುಳಿಸುತ್ತ, ಬಲಗೈಯಲ್ಲಿ ಪಟ್ಟಿಯನ್ನು ಜಗ್ಗಿ ಹಿಡಿಯುತ್ತಿದ್ದ. ಬಿಗಿಯೆಲ್ಲ ಆ ಬಲಗೈಯ ಜಗ್ಗಾಟದಲ್ಲಿತ್ತು. ಕೊನೆಯ ಸುತ್ತನ್ನು ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ, ಉಫ್ ಅಂತ ಒಮ್ಮೆ ಊದುತ್ತಿದ್ದ. ಯಾಕೆ ಊದುತ್ತಾನೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಆ ಸ್ಟಿಕ್ಕಿನಿಂದಲೇ ಆ ಯುವಕ ಹಿಡಿಯಣ್ಣನ ತಂಡಕ್ಕೆ ಗೋಲು ಹೊಡೆದ. ಪಂದ್ಯ ಮುಗಿದ ಮೇಲೆ ಮತ್ತೆ ಬಾಗಿಲಲ್ಲಿ ಬಂದು ನಿಂತ.

“ಅಣ್ಣ, ನನ್ನ ದೆಸೆಯಿಂದ ಬೈಸ್ಕೊಂಡ್ರಂತೆ?”

“ಬೈಸ್ಕೊಂಡೆ. ಹೊಟ್ಟೆ ತುಂಬ.”

“ಹಾಗಾದ್ರೆ ಟೀಗಾದ್ರೂ ಜಾಗ ಇದೆಯಾ, ಬನ್ನಿ.”

ಟೀ ಕುಡಿಯಲು ಹೋದವರು ಮಾತಾಡುತ್ತ ಅವನ ಮನೆಯವರೆಗೆ ಹೋದರು. ಬಾಗಿಲು ತೆಗೆದವಳು ಅವನ ಅಕ್ಕ. ತಮ್ಮ ಹೇಳಿದ ಕತೆ ಕೇಳಿ, ಅವನ ಬೆನ್ನ ಹಿಂದೆ ನಿಂತಿದ್ದವನನ್ನು ಮೇಲಿಂದ ಕೆಳಗೆ ನೋಡಿ, “ಸ್ವಂತ ತಂಡಕ್ಕೇ ಗೋಲು ಹೊಡೆಸಿದೋರು ಇವರೇನಾ?” ಅಂದಳು. ಹಿಡಿಯಣ್ಣನಿಗೆ ತಿರುಗಿ ಏನು ಹೇಳಬೇಕೋ ತೋಚಲಿಲ್ಲ. ತೋಚುವಷ್ಟರಲ್ಲಿ ಅವಳ ಜತೆ ಅವನ ಮದುವೆಯಾಗಿತ್ತು.

ಮುಂದೆ ಭಾಮೈದನಿಗೆ ಮಂಡಿ ಕೈಕೊಟ್ಟಿತು. ಆಡುವುದು ನಿಂತು, ಭಾವನ ಪಕ್ಕದಲ್ಲೇ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತ. ಭಾವ ಸುತ್ತುವ ಹಾಗೇ ಸುತ್ತುವುದನ್ನು ಕಲಿತ, ಕೊನೆಗೆ ಊದುವುದನ್ನೂ ಬಿಡಲಿಲ್ಲ. ಆ ಕೋಣೆಯಲ್ಲಿ ಇಬ್ಬರೂ ಮುಂಗೂದಲು ಉದುರಿಸಿಕೊಂಡರು. ಭಾಮೈದ ಮದುವೆಯಾಗಲಿಲ್ಲ. ಅಕ್ಕ ತೋರಿಸಿದವರಲ್ಲೆಲ್ಲ ಏನಾದರೊಂದು ಹುಳುಕು ಹುಡುಕುತ್ತಿದ್ದ. “ಇವನಿಗೆ ಹೆಣ್ಣು ಬೇಡ, ನಿನ್ನ ಕೈ ಊಟ ಇರೋ ತನಕ,” ಎಂದು ಹಿಡಿಯಣ್ಣ ಹೆಂಡತಿಗೆ ಹೇಳಿದರೆ, “ನಿಮಗಿಂತ ಮುಂಚೆಯಿಂದ ಉಣ್ತಿದೀನಿ ಭಾವ, ನಿಮ್ಮ ಪಾಳಿ ಆಮೇಲೆ,” ಅನ್ನುತ್ತಿದ್ದ.

ಆ ಊಟ ಒಂದು ದಿನ ನಿಂತಿತು. ಕಾಯಿಲೆ ಬೀಳುವ ಮುಂಚಿನ ಕೆಲವು ವಾರ ಅವಳು ಎಡಗೈಯಲ್ಲಿ ಸೌಟು ಹಿಡಿಯುತ್ತಿದ್ದಳು. ಬಲಗೈ ಜೋಮು ಹಿಡಿದ ಹಾಗಿದೆ ಅನ್ನುತ್ತಿದ್ದಳು. ಮಲಗುವಾಗ ಕೈ ಅಡಿಗೆ ಸಿಕ್ಕಿರಬೇಕು ಅಂದುಕೊಂಡರು ಮೂವರೂ. ಅವಳ ಅಪ್ಪನಿಗೂ ಹೀಗೇ ಬಲಗೈಯಿಂದ ಶುರುವಾಗಿತ್ತು ಅನ್ನುವುದು ಭಾಮೈದನಿಗೆ ನೆನಪಾದದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ. ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು.

ಹೊಳೆಯ ಈ ದಡದಲ್ಲಿ ಇವರ ತಂಡ, ಆ ದಡದಲ್ಲಿ ಇನ್ನೊಂದು. ಎರಡಕ್ಕೂ ಹುಟ್ಟಿನಿಂದ ಆಗಿಬರುವುದಿಲ್ಲ. ಹೆಂಡತಿ ಹೋದ ಮರುವರ್ಷ ಆ ದಡದವರು ಭಾಮೈದನನ್ನು ಕರೆದರು.

“ಅಲ್ಲಿ ಕೋಣೆಗೆ ಕಿಟಕಿ ಇದೆ ಭಾವ,” ಅಂದ ಅವನು, ಬೂಟು ಒರೆಸುತ್ತಲೇ. “ಕೋಣೆ ಪೂರ್ತಿ ನನ್ನ ಕೈಗೆ ಬಿಡ್ತಾರಂತೆ. ಇಲ್ಲಾದ್ರೆ ನಾನು ಸಾಯೋ ತನಕ ಹಿಡಿಯಣ್ಣನ ಭಾಮೈದನೇ.”

“ಅದರಲ್ಲಿ ಏನು ಕಮ್ಮಿ ಆಯ್ತು ನಿನಗೆ?”

“ಕಮ್ಮಿ ಅಂತಲ್ಲ…”

“ಹೋಗು, ನನ್ನ ಹತ್ರ ಕಲ್ತಿದ್ದನ್ನ ಅವರಿಗೆ ಧಾರೆ ಎರಿ. ನಿಮ್ಮಕ್ಕ ಹೋದ ಮೇಲೆ ನಿನಗೂ ನನಗೂ ಏನು ಸಂಬಂಧ?”

ಹೋಗಬೇಡ ಅನ್ನಲು ತೆರೆದ ಬಾಯಿಂದ ಅದು ಬಂದುಬಿಟ್ಟಿತ್ತು. ಭಾಮೈದ ಒರೆಸುತ್ತಿದ್ದ ಬೂಟನ್ನು ಜೋಡಿಯ ಪಕ್ಕ ನೆಟ್ಟಗೆ ಇಟ್ಟು, ಕೈ ತೊಳೆದುಕೊಂಡು ಹೋದ. ಅಲ್ಲಿಂದ ಮೇಲೆ ಎರಡು ತಂಡಗಳು ಎದುರಾದ ದಿನ ಕಾರಿಡಾರಿನಲ್ಲಿ ಇಬ್ಬರೂ ತಲೆ ತಗ್ಗಿಸಿ ದಾಟುತ್ತಿದ್ದರು. ಹಿಡಿಯಣ್ಣ ಅವನನ್ನು ಚಪ್ಪಲಿ ನೋಡಿ ಗುರುತಿಸುತ್ತಿದ್ದ. ಪ್ರತಿ ಸಲವೂ, ಅವನೇ ಮೊದಲು ಮಾತಾಡಲಿ ಅಂದುಕೊಳ್ಳುತ್ತಿದ್ದ. ಆ ಚಪ್ಪಲಿಗಳೂ ಒಂದು ಗಳಿಗೆ ನಿಧಾನವಾಗುತ್ತಿದ್ದವೋ ಏನೋ, ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ಟೀವಿ ಚಾನೆಲ್ಲಿನವರು ಬಂದು ಎರಡೂ ತಂಡಗಳ ಬೆನ್ನು ಹತ್ತಿದರು. ಆಟವನ್ನಲ್ಲ, ಆಟದ ಹಿಂದಿನದ್ದನ್ನು ತೋರಿಸುತ್ತೇವೆ ಅಂದರು. ಬಟ್ಟೆ ಬದಲಿಸುವ ಕೋಣೆ, ಬಸ್ಸು, ಊಟದ ಮೇಜು, ಎಲ್ಲೆಂದರಲ್ಲಿ ಕ್ಯಾಮೆರಾ. ಹಿಡಿಯಣ್ಣನ ಕೋಣೆಗೂ ಬಂದಿದ್ದರು. “ನಮ್ಮನ್ನ ಇಲ್ಲ ಅಂದ್ಕೊಳ್ಳಿ ಸಾರ್, ನಿಮ್ಮ ಪಾಡಿಗೆ ಕೆಲಸ ಮಾಡಿ,” ಅಂದರು. ಅಷ್ಟು ದೊಡ್ಡ ದೀಪ ಹಚ್ಚಿಕೊಂಡು ನಿಂತವರನ್ನು ಇಲ್ಲ ಅಂದುಕೊಳ್ಳುವುದು ಹೇಗೆ? ಅವನು ಗೋಡೆಯ ಕಡೆ ತಿರುಗಿ ಕೂತ.

ಸರಣಿ ಪ್ರಸಾರವಾದದ್ದು ಪಂದ್ಯಗಳೆಲ್ಲ ಮುಗಿದು ಮೈದಾನ ಖಾಲಿ ಬಿದ್ದಿದ್ದ ತಿಂಗಳುಗಳಲ್ಲಿ. ವಾರಕ್ಕೊಂದು ಕಂತು, ಸಂಜೆ ಹೊತ್ತು. ಹಿಡಿಯಣ್ಣ ಇದ್ದದ್ದು ಮಹಡಿಯ ಮೇಲಿನ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ. ಹೆಂಡತಿ ಕೂರುತ್ತಿದ್ದ ಕುರ್ಚಿಯ ಮೇಲೆ ಒಣಗಿದ ಬಟ್ಟೆ ಮಡಚಿಡುತ್ತಿದ್ದ. ಖಾಲಿ ಕಾಣಬಾರದು ಅಂತಲೋ ಏನೋ, ಆ ಬಟ್ಟೆಗಳು ಅಲ್ಲಿಂದ ಬೀರುವಿಗೆ ಹೋಗುತ್ತಿದ್ದದ್ದು ಅಪರೂಪ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಬೈಗುಳ ಬಂದಲ್ಲೆಲ್ಲ ಚಾನೆಲ್ಲಿನವರು ಪೀಂ ಅನ್ನಿಸಿದ್ದರು. ತರಬೇತುದಾರ ಬಾಯಿ ತೆರೆದರೆ ಪೀಂಪೀಂ ಅಂತ ಬಸ್ ಸ್ಟ್ಯಾಂಡಿನ ಹಾಗಾಗುತ್ತಿತ್ತು.

“ಟೀವೀಲಿ ಬಂದ್ರಂತೆ?” ಎಂದು ಮನೆಯೊಡತಿ ಕೆಳಗಿನಿಂದ ಕೇಳಿದಳು, ಮೊದಲ ಕಂತಾದ ಮರುದಿನ.

“ನಾನು ಬರಲಿಲ್ಲ, ನನ್ನ ಬೆನ್ನು ಬಂತು.”

“ಅಯ್ಯೋ, ಮುಖ ತೋರಿಸಬಾರದಿತ್ತಾ?”

“ಬೆನ್ನೇ ಚೆನ್ನಾಗಿದೆ ಬಿಡಿ.”

ಕಂತು ಆ ದಡಕ್ಕೆ ದಾಟಿದ ಕೂಡಲೇ ಅವನ ಕೈಯ ತುತ್ತು ತಟ್ಟೆಗೆ ವಾಪಸಾಗುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೂ, ತಾನು ಅದಕ್ಕೇ ಕಾಯುತ್ತೇನೆಂದು ಒಪ್ಪಿಕೊಳ್ಳಲು ಅವನಿಗೆ ಸಂಕೋಚ. ಆ ತಂಡದ ನಾಯಕ ಅಳುತ್ತಾನೆ, ಗೋಲ್‌ಕೀಪರ್ ಮುನಿಸಿಕೊಳ್ಳುತ್ತಾನೆ; ಅವರ ಹಿಂದೆ, ಪಕ್ಕ, ಬಾಗಿಲ ಸಂದಿ, ಎಲ್ಲಾದರೂ ಭಾಮೈದ ಕಾಣುತ್ತಾನೋ ಅಂತ ಹಿಡಿಯಣ್ಣನ ಕಣ್ಣು ಅಲೆಯುತ್ತಿತ್ತು. ಒಂದು ಕಂತಿನಲ್ಲಿ ಮೊಣಕೈ ಕಂಡಿತು. ಇನ್ನೊಂದರಲ್ಲಿ ಎಲ್ಲೋ ಆಚೆಯಿಂದ, “ಒದ್ದೆ ಬಟ್ಟೇನ ಬೇರೆ ಇಡ್ರೋ,” ಅನ್ನುವ ದನಿ ಮಾತ್ರ ಕೇಳಿತು. ಆ ವಾರವೆಲ್ಲ ಪಾತ್ರೆ ತೊಳೆಯುವಾಗ, ಬೀಗ ಹಾಕುವಾಗ, ಅದೇ ಮಾತು ಅವನ ಕಿವಿಯಲ್ಲಿ ಓಡಾಡಿಕೊಂಡಿತ್ತು. ದನಿ ಭಾಮೈದನದೇ. ಕಲಿಸಿದವನು ಇವನು.

ಆಮೇಲೆ ಬಂತು ಆ ಕಂತು. ಸೋತ ಪಂದ್ಯದ ಬಗ್ಗೆ ಆ ದಡದ ನಾಯಕ ಮಾತಾಡುತ್ತಿದ್ದ. ಮಾತು ಅವನದ್ದು, ಚಿತ್ರ ಮಾತ್ರ ಸಾಮಾನು ಕೋಣೆಯದು. ಗೋಡೆಯ ಮೊಳೆಗೆ ಎಂಟನೇ ನಂಬರಿನ ಅಂಗಿ ನೇತುಹಾಕಿದೆ. ಅದರ ಕೆಳಗೆ ಬೆಂಚು, ಬೆಂಚಿನ ಮೇಲೆ ಯಾರದೋ ಮಡಿಲು, ಮಡಿಲಲ್ಲಿ ಸ್ಟಿಕ್ಕಿನ ಹಿಡಿ. ಸ್ಟಿಕ್ಕಿನ ಬಾಗಿದ ತುದಿ ಚಿತ್ರದಾಚೆ ಹೋಗಿತ್ತು. ಮುಖವೂ ಇಲ್ಲ, ಗಲ್ಲ ಮತ್ತು ತುಟಿ ಮಾತ್ರ. ಕೈಗಳು ಪಟ್ಟಿ ಸುತ್ತಿದವು, ಕೊನೆಯ ಸುತ್ತನ್ನು ಒಳಕ್ಕೆ ಮಡಚಿದವು, ತುಟಿ ಉಫ್ ಅಂದಿತು.

ಹಿಡಿಯಣ್ಣನ ಮುಖ ಅರಳಿತು. ಅರಳಿದ್ದು ಹಾಗೇ ನಿಂತಿತು. ಪಟ್ಟಿ ಜಗ್ಗುತ್ತಿದ್ದದ್ದು ಎಡಗೈ. ಬಲಗೈ ಸುಮ್ಮನೆ ಕೋಲನ್ನು ಉರುಳಿಸುತ್ತಿತ್ತು.

ಮರುದಿನ ಮಧ್ಯಾಹ್ನ ಅದೇ ಕಂತು ಇನ್ನೊಮ್ಮೆ ಬರುವುದಿತ್ತು. ಹಿಡಿಯಣ್ಣ ಜನ್ಮದಲ್ಲಿ ಮೊದಲ ಸಲ ಹೊಟ್ಟೆನೋವು ಅಂತ ಸುಳ್ಳು ಹೇಳಿ ಕೆಲಸ ಬಿಟ್ಟು ಮನೆಗೆ ಬಂದ. ಟೀವಿಯ ಮುಂದೆ ನೆಲದ ಮೇಲೆ, ಮೂಗು ತಾಗುವಷ್ಟು ಹತ್ತಿರ ಕೂತ. ಅನುಮಾನವೇ ಇರಲಿಲ್ಲ. ಜಗ್ಗುವ ಕೈ ಎಡಗೈ. ಪಟ್ಟಿಯ ಓರೆಯೂ ಅದಕ್ಕೆ ತಕ್ಕ ಹಾಗೆ ಉಲ್ಟಾ ಬಿದ್ದಿತ್ತು. ಇನ್ನೊಂದು ಸಂಗತಿಯೂ ಕಂಡಿತು: ಸದಾ ಎಡಗೈಗೆ ಕಟ್ಟುತ್ತಿದ್ದ ಗಡಿಯಾರ ಬಲಗೈಗೆ ಹೋಗಿತ್ತು. ದುಡಿಯುವ ಕೈಗೆ ಯಾರು ಗಡಿಯಾರ ಕಟ್ಟುತ್ತಾರೆ? ಸೌಟು ಹಿಡಿದ ಹೆಂಡತಿಯ ಎಡಗೈ ಕಣ್ಣ ಮುಂದೆ ಬಂತು. ಅವಳ ಅಪ್ಪನಿಗೆ ಆಗಿ, ಅವಳಿಗೆ ಆಗಿ, ಈಗ ಇವನ ಸರದಿ. ಚಿತ್ರ ತೆಗೆದು ತಿಂಗಳುಗಳೇ ಆಗಿವೆ. ಈ ಹೊತ್ತಿಗೆ ಆ ಕೈ ಏನಾಗಿದೆಯೋ.

ಫೋನು ಹಚ್ಚಿದ. ಆ ಕಡೆ ರಿಂಗಾಗುವ ಮೊದಲೇ ಕಡಿದ. ಏನಂತ ಕೇಳುವುದು? ಸಂಬಂಧ ಇಲ್ಲ ಅಂದವನು ಕೈ ಹೇಗಿದೆ ಅಂತ ಯಾವ ಬಾಯಲ್ಲಿ ಕೇಳಬೇಕು?

ಹಳೆಯ ಸ್ಟಿಕ್ಕೊಂದನ್ನು ಮಡಿಲಲ್ಲಿಟ್ಟು ತಾನೇ ಎಡಗೈಯಲ್ಲಿ ಜಗ್ಗಿ ನೋಡಿದ. ಪಟ್ಟಿ ಸೊಟ್ಟಗಾಯಿತು, ಸ್ಟಿಕ್ಕು ಜಾರಿ ನೆಲಕ್ಕೆ ಬಿತ್ತು.

“ಮೇಲೆ ಏನು, ಹಾಕಿ ಆಡ್ತಿದೀರಾ?” ಎಂದು ಮನೆಯೊಡತಿ ಕೂಗಿದಳು.

ಅವನು ಸ್ಟಿಕ್ಕನ್ನು ಮತ್ತೆ ಎತ್ತಿಕೊಂಡ. ಎಷ್ಟು ಸಲ ಮಾಡಿದರೂ ಬರಲಿಲ್ಲ. ಭಾಮೈದನ ಸುತ್ತು ಮಾತ್ರ ಟೀವಿಯಲ್ಲಿ ಅಚ್ಚುಕಟ್ಟಾಗಿ ಕಂಡಿತ್ತು. ಅಂದರೆ ಆ ಪ್ರಾಣಿ ಒಬ್ಬನೇ ಕೂತು, ಯಾರಿಗೂ ಹೇಳದೆ, ಎಡಗೈಯನ್ನು ಎಷ್ಟು ಪಳಗಿಸಿರಬೇಡ! ಗೊತ್ತಾದರೆ ಕೆಲಸದಿಂದ ತೆಗೆದುಬಿಡುತ್ತಾರೆಂದು ಮುಚ್ಚಿಟ್ಟಿದ್ದಾನೆ. ಹೀಗೆ ಯೋಚಿಸಿದಷ್ಟೂ ಹಿಡಿಯಣ್ಣನಿಗೆ ಎಲ್ಲವೂ ಸರಿಯಾಗಿ ಕೂಡಿಕೊಳ್ಳುತ್ತಿತ್ತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದ. ರಜೆಯ ದಿನ ಆ ದಡಕ್ಕೆ ಹೋಗುವುದು, ಬಾಗಿಲು ಹಾಕಿಕೊಂಡು ಅವನ ಪಾಲಿನ ಸ್ಟಿಕ್ಕುಗಳನ್ನು ತಾನು ಸುತ್ತಿಟ್ಟು ಬರುವುದು. ಈ ದಡದವರಿಗೆ ತಿಳಿದರೆ ಮುಖಕ್ಕೆ ಉಗಿಯುತ್ತಾರೆ. ಉಗಿಯಲಿ.

ರಜೆಯ ದಿನ ಒಗೆದ ಅಂಗಿ ತೊಟ್ಟು ಬಸ್ಸು ಹತ್ತಿದ. ಸೇತುವೆ ದಾಟುವಾಗ ಹೊಳೆ ನೋಡಲಿಲ್ಲ, ತನ್ನ ಕೈಗಳನ್ನೇ ನೋಡಿಕೊಂಡ. ಆ ಮೈದಾನದ ಗೇಟಿನಲ್ಲಿ ಹಳೆಯ ಕಾವಲುಗಾರ ಗುರುತು ಹಿಡಿದ.

“ಏನು ಹಿಡಿಯಣ್ಣ, ದಾರಿ ತಪ್ಪಿತಾ? ನಿಮ್ಮ ಮೈದಾನ ಹಿಂದೇನೇ ಉಳೀತು.”

“ಒಂದು ಕೆಲಸ ಇತ್ತು.”

“ನಮ್ಮ ಸ್ಟಿಕ್ಕಿಗೆ ಮಾಟ ಮಾಡೋ ಕೆಲಸ ತಾನೇ? ಹೋಗಿ ಹೋಗಿ. ಅವನು ಒಳಗಿದಾನೆ.”

ಕೋಣೆಗೆ ನಿಜಕ್ಕೂ ಕಿಟಕಿ ಇತ್ತು. ದೊಡ್ಡ ಕಿಟಕಿ. ಭಾಮೈದ ಬಾಗಿಲಿಗೆ ಬೆನ್ನು ಮಾಡಿ ಕಪಾಟಿಗೆ ಅಂಗಿಗಳನ್ನು ಜೋಡಿಸುತ್ತಿದ್ದ. ಹಿಂದಲೆಯ ಕೂದಲೂ ಬೆಳ್ಳಗಾಗಿತ್ತು. ಹಿಡಿಯಣ್ಣ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಬಾಗಿಲು ಮುಂದಕ್ಕೆ ಮಾಡಿ, “ಸ್ಟಿಕ್ಕು ಎಲ್ಲಿಟ್ಟಿದೀಯ? ಕೊಡು. ನಾನು ಸುತ್ತಿಕೊಡ್ತೀನಿ. ಯಾರಿಗೂ ಹೇಳಲ್ಲ,” ಅಂದ.

ಭಾಮೈದ ತಿರುಗಿ ನೋಡಿದ. “ಭಾವ?”

“ಬಲಗೈ ತೋರಿಸು.”

“ಯಾಕೆ? ಏನಾಯ್ತು?”

“ನನ್ನ ಹತ್ರಾನೂ ಮುಚ್ಚಿಡ್ತೀಯಾ? ಟೀವೀಲಿ ನೋಡಿದೆ ಕಣೋ. ಎಡಗೈಯಲ್ಲಿ ಜಗ್ತಾ ಇದ್ದೆ. ನಿಮ್ಮಕ್ಕನಿಗೂ ಹಿಂಗೇ ಶುರುವಾಗಿದ್ದು. ಡಾಕ್ಟರ ಹತ್ರ ಹೋಗಿದ್ಯಾ ಇಲ್ವಾ? ತೋರಿಸು ಅಂದ್ನಲ್ಲ.” ಅನ್ನುತ್ತ ಅವನ ಬಲಗೈ ಹಿಡಿದು, “ಅಮುಕು. ಜೋರಾಗಿ,” ಅಂದ.

ಭಾಮೈದ ಅಮುಕಿದ. ಹಿಡಿಯಣ್ಣನ ಬೆರಳುಗಳು ಲಟಲಟ ಅಂದವು. ಬಿಡು ಬಿಡು ಅನ್ನುವಷ್ಟು ಬಿಗಿ. ಗಡಿಯಾರ ಎಡಗೈಯಲ್ಲೇ ಇತ್ತು.

“ಮತ್ತೆ ಟೀವೀಲಿ?”

ಭಾಮೈದನಿಗೆ ಈಗ ಹೊಳೆಯಿತು. ಭಾವನ ಹೆಗಲು ಹಿಡಿದು ಬೆಂಚಿನ ಎದುರಿನ ಗೋಡೆಗೆ ತಿರುಗಿಸಿದ. ಅಲ್ಲಿ ಆಳೆತ್ತರದ ಕನ್ನಡಿ. ಹುಡುಗರು ಪತ್ರಿಕೆಯವರ ಮುಂದೆ ಹೋಗುವ ಮುಂಚೆ ತಲೆ ಬಾಚಿಕೊಳ್ಳಲು ಹಾಕಿಸಿಕೊಂಡದ್ದು.

“ನಿಮ್ಮ ಅಂಗಿ ಜೇಬು ಯಾವ ಕಡೆ ಇದೆ?”

“ಎಡಕ್ಕೆ.”

“ಕನ್ನಡಿಯೊಳಗಿರೋರಿಗೆ?”

ಹಿಡಿಯಣ್ಣ ನೋಡಿದ. ಬಲಕ್ಕಿತ್ತು.

“ಕ್ಯಾಮೆರಾ ಕಂಡ್ರೆ ನನಗೂ ಆಗಲ್ಲ. ಅವರಿಗೆ ಬೆನ್ನು ಮಾಡಿ ಈ ಗೋಡೆ ಕಡೆ ತಿರುಗಿ ಕೂತಿದ್ದೆ. ಅವರು ಬಿಡ್ತಾರಾ? ಕನ್ನಡಿಯೊಳಗಿಂದ ಹಿಡಿದ್ರು.” ಅವನ ದನಿಯಲ್ಲಿ ನಗು ಉಕ್ಕತೊಡಗಿತ್ತು. “ಸ್ಟಿಕ್ಕಿನ ತುದಿ ಕಂಡಿದ್ರೆ ಅದರ ಚಪ್ಪಟೆ ಮಗ್ಗುಲು ಉಲ್ಟಾ ಬಿದ್ದಿರೋದು ನಿಮಗೇ ಗೊತ್ತಾಗ್ತಿತ್ತು. ಅಂಗಿ ನಂಬರ್ರಾದ್ರೂ ಉಲ್ಟಾ ಕಾಣ್ಬೇಕಿತ್ತು, ಅದೂ ಹಾಳಾದ್ದು ಎಂಟು. ಹೆಂಗಿಟ್ರೂ ಎಂಟೇ.”

ಇಬ್ಬರೂ ನಕ್ಕರು. ಕಾವಲುಗಾರ ಬಾಗಿಲು ತಳ್ಳಿ ಇಣುಕಿ ಹೋಗುವಷ್ಟು ನಕ್ಕರು. ನಗು ಮುಗಿದ ಮೇಲೆ ಕನ್ನಡಿಯಲ್ಲಿ ಇಬ್ಬರು ವಯಸ್ಸಾದವರು ಉಳಿದರು. ಎಲ್ಲಿ ನೋಡಬೇಕೋ ಅವರಿಗೆ ತಿಳಿಯಲಿಲ್ಲ.

“ಕೈ ಹೋಗಿದ್ರೆ ಮಾತ್ರ ಬರೋದಾ ಭಾವ?” ಅಂದ ಭಾಮೈದ.

ಹಿಡಿಯಣ್ಣ ಬೆಂಚಿನ ಮೇಲೆ ಕೂತ. ಮೂಲೆಯಲ್ಲಿ ಒರಗಿಸಿದ್ದ ಸ್ಟಿಕ್ಕುಗಳಲ್ಲಿ ಪಟ್ಟಿ ಸುತ್ತದ ಒಂದನ್ನು ಎಳೆದು ಮಡಿಲಿಗಿಟ್ಟುಕೊಂಡ. ಭಾಮೈದ ಪಟ್ಟಿಯ ಸುರುಳಿಯನ್ನು ಅವನ ಕೈಗೆ ಕೊಟ್ಟ. ಹಿಡಿಯಣ್ಣ ಅರ್ಧ ಹಿಡಿ ಸುತ್ತಿ ಅಂದ:

“ಅವತ್ತು ಹೋಗಬೇಡ ಅನ್ನಬೇಕಿತ್ತು ನಾನು.”

“ಅಂದಿದ್ರೂ ಇಲ್ಲಿಗೆ ಬರ್ತಿದ್ದೆ.”

“ಗೊತ್ತು. ಆದ್ರೂ ಅನ್ನಬೇಕಿತ್ತು.”

ಭಾಮೈದ ಹೂಂ ಅಂದ. ಪರವಾಗಿಲ್ಲ ಅನ್ನಲಿಲ್ಲ. ಹಿಡಿಯಣ್ಣ ಕೊನೆಯ ಸುತ್ತನ್ನು ಮಡಚಿ, ಊದಲು ಬಾಯಿ ತೆರೆದು, ಸ್ಟಿಕ್ಕನ್ನು ಅವನ ಕಡೆ ಚಾಚಿದ. ಊದಿದ್ದು ಭಾಮೈದ.

ಭಾಮೈದ ಅವನನ್ನು ಕಳಿಸಲು ಗೇಟಿನವರೆಗೆ ಬಂದ. ಬಸ್ಸು ಬರುವುದು ತಡವಾಯಿತು. ಇಬ್ಬರೂ ರಸ್ತೆ ನೋಡುತ್ತ ನಿಂತರು. ಬಸ್ಸು ಕಂಡಾಗ ಭಾಮೈದ, ಯಾರಿಗೋ ಹೇಳುವ ಹಾಗೆ, “ಮಂಗಳವಾರ ನಮ್ಮ ಹುಡುಗರಿಗೆ ಪ್ರಾಕ್ಟೀಸ್ ಇರಲ್ಲ. ಕೋಣೆಯಲ್ಲಿ ನಾನೊಬ್ಬನೇ,” ಅಂದ.

ಸರಣಿ ಆಮೇಲೆ ಒಂದೆರಡು ಕಂತಿಗೆ ಮುಗಿಯಿತು. ಕೊನೆಯ ಕಂತನ್ನು ಹಿಡಿಯಣ್ಣ ನೋಡಲಿಲ್ಲ. ಗೆದ್ದವರು ಯಾರೆಂದು ಅವನಿಗೆ ಮೊದಲೇ ಗೊತ್ತಿತ್ತು.

ಈಗಲೂ ಅವನು ಈ ದಡದ ತಂಡಕ್ಕೇ, ಆ ಕಿಟಕಿಯಿಲ್ಲದ ಕೋಣೆಯಲ್ಲೇ ಹಿಡಿ ಸುತ್ತುತ್ತಾನೆ. ವಾರದ ರಜೆಯನ್ನು ಮಂಗಳವಾರಕ್ಕೆ ಬದಲಿಸಿಕೊಂಡಿದ್ದಾನೆ. ಅವತ್ತು ಬಸ್ಸು ಹತ್ತಿ ಆ ದಡಕ್ಕೆ ಹೋಗಿ ಭಾಮೈದನ ಜತೆ ಬೆಂಚಿನ ಮೇಲೆ ಕೂತು ಬರುತ್ತಾನೆ. ಕೆಲವು ಮಂಗಳವಾರ ಭಾಮೈದ ತಂಡದ ಜತೆ ಬೇರೆ ಊರಿಗೆ ಹೋಗಿರುತ್ತಾನೆ. ಆಗ ಕಾವಲುಗಾರನ ಹತ್ತಿರ ಸ್ವಲ್ಪ ಹೊತ್ತು ನಿಂತು ಮುಂದಿನ ಬಸ್ಸಿಗೆ ವಾಪಸಾಗುತ್ತಾನೆ. ಉಳಿದ ದಿನ ಸಂಜೆ ಮಹಡಿಯ ಮನೆಯಲ್ಲಿ ಒಬ್ಬನೇ ಉಣ್ಣುತ್ತಾನೆ.